ಪೌಲ್ ಮುಲ್ಲರ್: ನೊಣದ ಪೆಟ್ಟಿಗೆಯಿಂದ ನೊಬೆಲ್‌ವರೆಗೆ, ಅಲ್ಲಿಂದ ಮುಂದೆ

ನಮ್ಮ ಪತ್ರಿಕೆಗೆ ಮಹನೀಯರ ಜೀವನ ಪರಿಚಯ ಬರೆಯುವವರು ಸಾಮಾನ್ಯವಾಗಿ ಅಬ್ದುಲ್ ಕಲಾಂ, ಸರ್ ಸೈಯದ್ ಅಹ್ಮದ್ ಖಾನ್, ವಿಶ್ವೇಶ್ವರಯ್ಯ ಇವರನ್ನು ಆರಿಸಿಕೊಳ್ಳುತ್ತಾರೆ. ನಾನು ಆರಿಸಿಕೊಂಡಿರುವುದು ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಪೌಲ್ ಹೆರ್ಮಾನ್ ಮುಲ್ಲರ್ ಅವರನ್ನು. ಇವರ ಹೆಸರು ಕೇಳದವರಿಗೂ ಇವರ ಪುಡಿಯ ಹೆಸರು ಗೊತ್ತಿರುತ್ತದೆ. ಅದು ಡಿಡಿಟಿ.

ವಾಣಿಜ್ಯ ವಿಭಾಗದವಳಿಗೆ ಕೀಟನಾಶಕದ ವಿಷಯ ಯಾಕೆ ಎಂದು ವಿಜ್ಞಾನ ವಿಭಾಗದ ಗೆಳತಿಯರು ತಮಾಷೆ ಮಾಡಿದರು. ಕಾರಣ ಲೆಕ್ಕಪುಸ್ತಕದಲ್ಲಿದೆ. ಕೋಲಾರದ ಕಡೆ ನನ್ನ ಮಾಮೂ ಎಲೆಕೋಸು, ಟೊಮೆಟೊ ಬೆಳೆಯುತ್ತಾರೆ. ರಜೆಯಲ್ಲಿ ಅವರ ಖರ್ಚುವೆಚ್ಚ ಬರೆಯುವವಳು ನಾನೇ. ಮೂರು ವರ್ಷದ ಹಿಂದೆ ಎಲೆಕೋಸಿನ ಒಂದು ಬೆಳೆಗೆ ನಾಲ್ಕು ಸಲ ಔಷಧಿ ಹೊಡೆದ ಲೆಕ್ಕವಿದೆ. ಕಳೆದ ಬೆಳೆಗೆ ಒಂಬತ್ತು ಸಲ. ಹುಳು ಔಷಧಿಗೆ ಒಗ್ಗಿಹೋಗಿದೆ ಎಂದು ಮಾಮೂ ಹೇಳುತ್ತಾರೆ. ಒಗ್ಗಿಹೋಗುವುದು ಎಂದರೆ ಏನು, ಹೇಗೆ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದವರು ಮುಲ್ಲರ್.

ಅವರು ಹುಟ್ಟಿದ್ದು 1899ರ ಜನವರಿ 12ರಂದು, ಓಲ್ಟೆನ್ ಎಂಬ ಊರಿನಲ್ಲಿ. ತಂದೆ ರೈಲ್ವೆ ನೌಕರರು. ಕುಟುಂಬ ಮೊದಲು ಲೆನ್ಸ್‌ಬುರ್ಗ್‌ಗೆ, ಆಮೇಲೆ ಬಾಸೆಲ್ ನಗರಕ್ಕೆ ಬಂತು. ಬಾಸೆಲ್ ಎಂದರೆ ಬಣ್ಣ ಮತ್ತು ಔಷಧ ತಯಾರಿಕೆಯ ಊರು. ಶಾಲೆಯಲ್ಲಿ ಮುಲ್ಲರ್ ಅವರ ಅಂಕಗಳು ಹೇಳಿಕೊಳ್ಳುವಂತೆ ಇರಲಿಲ್ಲ. ಮನೆಯಲ್ಲಿ ಮಾತ್ರ ಒಂದು ಪುಟ್ಟ ಪ್ರಯೋಗಾಲಯ ಮಾಡಿಕೊಂಡು ಫೋಟೋ ಪ್ಲೇಟು ತೊಳೆಯುವುದು, ರೇಡಿಯೋ ಜೋಡಿಸುವುದು ನಡೆಯುತ್ತಿತ್ತು. 1916ರಲ್ಲಿ, ಅಂದರೆ ಈಗ ನನಗಿರುವ ವಯಸ್ಸಿನಲ್ಲಿ, ಓದು ಬಿಟ್ಟು ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸಹಾಯಕರಾಗಿ ಸೇರಿದರು. ಎರಡು ವರ್ಷ ಕೈಕೆಲಸ ಮಾಡಿದ ಮೇಲೆ ಮತ್ತೆ ಶಾಲೆಗೆ ಮರಳಿದರು. 1919ರಲ್ಲಿ ಬಾಸೆಲ್ ವಿಶ್ವವಿದ್ಯಾಲಯ ಸೇರಿ, 1925ರಲ್ಲಿ ಡಾಕ್ಟರೇಟ್ ಪಡೆದರು. ಪಿಯುಸಿಯಲ್ಲಿ ಒಂದು ವರ್ಷ ಹೋದರೆ ಜೀವನವೇ ಮುಗಿಯಿತು ಎಂದು ಅಳುವ ನಮ್ಮಂಥವರು ಈ ಎರಡು ವರ್ಷವನ್ನು ಸ್ವಲ್ಪ ಗಮನಿಸಬಹುದು.

ಅದೇ 1925ರ ಮೇ ತಿಂಗಳಲ್ಲಿ ಬಾಸೆಲ್‌ನ ಗೈಗಿ ಕಂಪನಿ ಸೇರಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದರು. ಮೊದಲ ಹತ್ತು ವರ್ಷ ಅವರ ಕೆಲಸ ಗಿಡಮೂಲದ ಬಣ್ಣಗಳು ಮತ್ತು ಚರ್ಮ ಹದ ಮಾಡುವ ರಾಸಾಯನಿಕಗಳ ಮೇಲೆ. 1927ರಲ್ಲಿ ಮದುವೆಯಾಯಿತು, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. 1935ರಲ್ಲಿ ಕಂಪನಿ ಅವರನ್ನು ಕೀಟನಾಶಕದ ಕಡೆ ತಿರುಗಿಸಿತು.

ಆಗ ರೈತರ ಕೈಯಲ್ಲಿ ಇದ್ದ ಔಷಧಿಗಳು ಯಾವುವು? ಒಂದು ಕಡೆ ಸೀಸ ಮತ್ತು ಆರ್ಸೆನಿಕ್ ಸೇರಿದ ವಿಷಗಳು. ಹುಳು ಎಲೆಯ ಜೊತೆ ತಿಂದರೆ ಮಾತ್ರ ಸಾಯುತ್ತಿತ್ತು. ಮನುಷ್ಯರಿಗೂ ದನಗಳಿಗೂ ಅದು ಅಷ್ಟೇ ವಿಷ. ಇನ್ನೊಂದು ಕಡೆ ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಪೈರೆಥ್ರಮ್, ತಂಬಾಕಿನ ನಿಕೋಟಿನ್ ಮುಂತಾದವು. ಪೈರೆಥ್ರಮ್ ಮುಟ್ಟಿದರೇ ಹುಳು ಬೀಳುತ್ತಿತ್ತು. ಆದರೆ ಬೆಲೆ ಹೆಚ್ಚು, ಬಿಸಿಲು ಬಿದ್ದರೆ ಬಲ ಹೋಗುತ್ತಿತ್ತು. ಎರಡರ ಒಳ್ಳೆಯ ಗುಣವೂ ಒಂದರಲ್ಲೇ ಇರಬೇಕು ಎಂಬುದು ಮುಲ್ಲರ್ ಅವರ ಆಸೆ.

ಒಳ್ಳೆಯ ಕೀಟನಾಶಕಕ್ಕೆ ಅವರು ಏಳು ಗುಣಗಳನ್ನು ಹೇಳಿದ್ದಾರೆ. ಕೀಟಕ್ಕೆ ಬಲವಾದ ವಿಷವಾಗಿರಬೇಕು, ಬೇಗ ಕೆಲಸ ಮಾಡಬೇಕು, ಬಿಸಿರಕ್ತದ ಪ್ರಾಣಿಗೂ ಗಿಡಕ್ಕೂ ತೊಂದರೆ ಕೊಡಬಾರದು, ಕೆಟ್ಟ ವಾಸನೆ ಇರಬಾರದು, ಆದಷ್ಟು ಹೆಚ್ಚು ಜಾತಿಯ ಕೀಟಗಳನ್ನು ಕೊಲ್ಲಬೇಕು, ಬಹಳ ದಿನ ಉಳಿಯಬೇಕು, ಕೊನೆಗೆ ಬೆಲೆ ಕಡಿಮೆ ಇರಬೇಕು. ಬೆಲೆಯ ಮಾತು ವಿಜ್ಞಾನಿಯ ಪಟ್ಟಿಯಲ್ಲೇ ಸೇರಿದ್ದು ನನಗೆ ಬಹಳ ಹಿಡಿಸಿತು. ಪಟ್ಟಿಯ ಐದನೆಯದು ಮತ್ತು ಆರನೆಯದನ್ನು ಓದುಗರು ನೆನಪಿಟ್ಟುಕೊಳ್ಳಬೇಕು: ಎಲ್ಲ ಕೀಟಗಳನ್ನೂ ಕೊಲ್ಲುವುದು, ಬಹಳ ದಿನ ಉಳಿಯುವುದು.

ಗಾಜಿನ ಪೆಟ್ಟಿಗೆಯೊಳಗೆ ರಾಸಾಯನಿಕ ಸಿಂಪಡಿಸಿ, ನೊಣಗಳನ್ನು ಬಿಟ್ಟು, ಏನಾಗುತ್ತದೆ ಎಂದು ನೋಡುವುದು ಅವರ ವಿಧಾನ. ನಾಲ್ಕು ವರ್ಷ ಹೀಗೇ ಹೋಯಿತು. 349 ರಾಸಾಯನಿಕಗಳು ಕೆಲಸಕ್ಕೆ ಬರಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಅವರು ಪರೀಕ್ಷಿಸಿದ ವಸ್ತುವಿನಿಂದ ನೊಣಗಳು ಒಂದೊಂದಾಗಿ ಬೆನ್ನ ಮೇಲೆ ಬಿದ್ದವು. ಅದೇ ಡಿಡಿಟಿ. ಅದೇನೂ ಹೊಸ ವಸ್ತುವಲ್ಲ. 1874ರಲ್ಲೇ ಓತ್ಮಾರ್ ಝೈಡ್ಲರ್ ಎಂಬ ವಿದ್ಯಾರ್ಥಿ ಸ್ಟ್ರಾಸ್‌ಬುರ್ಗ್‌ನಲ್ಲಿ ಅದನ್ನು ತಯಾರಿಸಿ, ಉಪಯೋಗ ತಿಳಿಯದೆ ಬಿಟ್ಟಿದ್ದ. 65 ವರ್ಷ ಅದು ಪುಸ್ತಕದಲ್ಲೇ ಮಲಗಿತ್ತು.

ಇಲ್ಲಿ ಒಂದು ಸಣ್ಣ ಘಟನೆ ಇದೆ. ಇಡೀ ಕಥೆ ಅದರೊಳಗೇ ಇದೆ ಎಂದು ನನಗನಿಸುತ್ತದೆ. ಪ್ರಯೋಗ ಮುಗಿದ ಮೇಲೆ ಮುಲ್ಲರ್ ಪೆಟ್ಟಿಗೆಯನ್ನು ಚೆನ್ನಾಗಿ ತೊಳೆದು ಹೊಸ ನೊಣಗಳನ್ನು ಬಿಟ್ಟರು. ಯಾವ ಔಷಧಿಯನ್ನೂ ಹಾಕಿರಲಿಲ್ಲ, ಆದರೂ ಗೋಡೆ ಮುಟ್ಟಿದ ನೊಣಗಳು ಬಿದ್ದು ಸತ್ತವು. ಕೊನೆಗೆ ಪೆಟ್ಟಿಗೆಯನ್ನು ಬಿಚ್ಚಿ, ಮತ್ತೆ ತೊಳೆದು, ಸುಮಾರು ಒಂದು ತಿಂಗಳು ಗಾಳಿಗೆ ಇಟ್ಟ ಮೇಲೆ ಮಾತ್ರ ಮುಂದಿನ ಪ್ರಯೋಗ ಸಾಧ್ಯವಾಯಿತು. ಅವರು ಹುಡುಕುತ್ತಿದ್ದದ್ದು ಇದನ್ನೇ. ಒಮ್ಮೆ ಹೊಡೆದರೆ ಹೋಗದ ಔಷಧಿ!

1940ರಲ್ಲಿ ಸ್ವಿಸ್ ಪೇಟೆಂಟ್ ಸಿಕ್ಕಿತು. ಆಲೂಗಡ್ಡೆ ಎಲೆಯನ್ನು ಬೋಳಿಸುವ ಕೊಲೊರಾಡೊ ಜೀರುಂಡೆಯ ಮೇಲೆ ಹೊಡೆದು ನೋಡಿದರು, ಕೆಲಸ ಮಾಡಿತು. ಬೆಳೆಗೆ ಗೆಸರಾಲ್ ಎಂಬ ಹೆಸರಿನಲ್ಲಿ, ಹೇನಿಗೆ ನಿಯೋಸಿಡ್ ಎಂಬ ಹೆಸರಿನಲ್ಲಿ ಮಾರಾಟ ಶುರುವಾಯಿತು. ಅದು ಯುದ್ಧದ ಕಾಲ. 1943–44ರ ಚಳಿಗಾಲದಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರ ಬಂದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನರ ಬಟ್ಟೆಯೊಳಗೆ ಈ ಪುಡಿಯನ್ನು ಊದಿದರು. ಚಳಿಗಾಲದ ಟೈಫಸ್ ಅನ್ನು ನಡುವೆಯೇ ನಿಲ್ಲಿಸಿದ್ದು ಅದೇ ಮೊದಲು. ನಮ್ಮ ದೇಶದಲ್ಲೂ 1953ರಿಂದ ಮಲೇರಿಯಾ ನಿಯಂತ್ರಣಕ್ಕಾಗಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದರು. ಸಿಂಪಡಿಸಿದ ತಾರೀಖನ್ನು ಗೋಡೆಯ ಮೇಲೆ ಬರೆದು ಹೋಗುತ್ತಿದ್ದರು ಎಂದು ನನ್ನ ನಾನಿ ಈಗಲೂ ನೆನಪಿಸಿಕೊಳ್ಳುತ್ತಾರೆ. ವರ್ಷಕ್ಕೆ ಸುಮಾರು 7.5 ಕೋಟಿ ಎಂದು ಅಂದಾಜಿದ್ದ ಮಲೇರಿಯಾ ಪ್ರಕರಣಗಳು 1960ರ ದಶಕದ ನಡುವಿನ ಹೊತ್ತಿಗೆ ಸುಮಾರು 1 ಲಕ್ಷಕ್ಕೆ ಇಳಿದವು. ಡಿಡಿಟಿಯನ್ನು ಬೈಯುವ ಮೊದಲು ಈ ಅಂಕಿಯನ್ನೂ ಎದುರಿಗೆ ಇಟ್ಟುಕೊಳ್ಳಬೇಕು.

1948ರಲ್ಲಿ ಮುಲ್ಲರ್ ಅವರಿಗೆ ನೊಬೆಲ್ ಬಂತು. ರಸಾಯನಶಾಸ್ತ್ರದ್ದಲ್ಲ, ವೈದ್ಯಕೀಯ ವಿಭಾಗದ್ದು. ವೈದ್ಯರಲ್ಲದ ಒಬ್ಬ ಕಂಪನಿ ನೌಕರನಿಗೆ! ನಮ್ಮ ಮನೆಯ ಉರ್ದುವಿನಲ್ಲಿ ಬೆಳೆಗೆ ಹೊಡೆಯುವುದನ್ನು ದವಾ ಎನ್ನುತ್ತೇವೆ, ಕನ್ನಡದಲ್ಲಿ ಔಷಧಿ ಎನ್ನುತ್ತಾರೆ. ಎರಡು ಭಾಷೆಯಲ್ಲೂ ಈ ವಿಷಕ್ಕೆ ಮದ್ದಿನ ಹೆಸರೇ. ನೊಬೆಲ್ ಸಮಿತಿಯವರೂ ಹಾಗೇ ಯೋಚಿಸಿರಬೇಕು.

ಆದರೆ ಆ ಬಹುಮಾನಕ್ಕೆ ಎರಡು ವರ್ಷ ಮೊದಲೇ ಸ್ವೀಡನ್ನಿನ ಉತ್ತರದ ಆರ್ನೆಸ್ ಎಂಬಲ್ಲಿ ಡಿಡಿಟಿಗೆ ಸಾಯದ ನೊಣಗಳು ಕಂಡಿದ್ದವು. ಅವುಗಳನ್ನು ತರಿಸಿ, ಸ್ವಿಟ್ಜರ್ಲೆಂಡಿನ ನೊಣಗಳ ಜೊತೆ ಹೋಲಿಸಿ 1947ರಲ್ಲಿ ವರದಿ ಮಾಡಿದವರು ಕೀಟತಜ್ಞ ವೀಸ್‌ಮನ್. ಕೆಲವೇ ವರ್ಷದ ಹಿಂದೆ ಸ್ವಿಟ್ಜರ್ಲೆಂಡಿನ ದನದ ಕೊಟ್ಟಿಗೆಗಳಲ್ಲಿ ಡಿಡಿಟಿ ಹೊಡೆದು ನೊಣಗಳಿಗೆ ಅದು ಎಷ್ಟು ಚೆನ್ನಾಗಿ ನಾಟುತ್ತದೆ ಎಂದು ತೋರಿಸಿದವರೂ ಅವರೇ. ಬಹುಮಾನ ಸಿಗುವಾಗಲೇ ಔಷಧಿಯ ಬಲ ಒಂದು ಮೂಲೆಯಲ್ಲಿ ಕಡಿಮೆಯಾಗಲು ಶುರುವಾಗಿತ್ತು.

ಇಂಥದ್ದು ಅದೇ ಮೊದಲಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಬಿನ ತೋಟಗಳಲ್ಲಿ ಸ್ಯಾನ್ ಹೋಸೆ ಎಂಬ ಶಲ್ಕ ಕೀಟ ಸುಣ್ಣ-ಗಂಧಕದ ದ್ರಾವಣಕ್ಕೆ ಸಾಯುತ್ತಿಲ್ಲ ಎಂದು ಮೆಲಾಂಡರ್ ಎಂಬ ಪ್ರಾಧ್ಯಾಪಕರು 1914ರಲ್ಲೇ ಬರೆದಿದ್ದರು. ಹೆಚ್ಚು ಜನ ಗಮನ ಕೊಡಲಿಲ್ಲ.

ಈಗ ಮಾಮೂ ಹೇಳುವ ಒಗ್ಗಿಹೋಗುವ ವಿಷಯಕ್ಕೆ ಬರುತ್ತೇನೆ. ನಾವು ದಿನವೂ ಖಾರ ತಿಂದು ಖಾರಕ್ಕೆ ಒಗ್ಗುತ್ತೇವಲ್ಲ, ಹುಳುವಿನ ವಿಷಯ ಹಾಗಲ್ಲ. ಒಂದು ಹುಳುವಿಗೆ ಒಗ್ಗಿಕೊಳ್ಳಲು ಸಮಯವೇ ಇಲ್ಲ, ಅದು ಸತ್ತೇ ಹೋಗುತ್ತದೆ. ಆದರೆ ಒಂದು ಹೊಲದ ಲಕ್ಷ ಹುಳುಗಳೂ ಒಂದೇ ರೀತಿ ಇರುವುದಿಲ್ಲ. ಕೆಲವಕ್ಕೆ ಹುಟ್ಟಿನಿಂದಲೇ ಸ್ವಲ್ಪ ಬೇರೆ ಗುಣವಿರುತ್ತದೆ. ನೊಣದ ವಿಷಯದಲ್ಲಿ ಇಂಥ ಎರಡು ಗುಣಗಳು ಚೆನ್ನಾಗಿ ಗೊತ್ತಾಗಿವೆ. ಕೆಲವು ನೊಣಗಳ ದೇಹದಲ್ಲಿ ಒಂದು ಕಿಣ್ವ ಹೆಚ್ಚಾಗಿದ್ದು, ಅದು ಡಿಡಿಟಿಯಿಂದ ಒಂದು ಹೈಡ್ರೋಜನ್, ಒಂದು ಕ್ಲೋರಿನ್ ಕಿತ್ತು ಅದನ್ನು ನೊಣಕ್ಕೆ ನಾಟದ ಡಿಡಿಇ ಮಾಡಿಬಿಡುತ್ತದೆ. ಇನ್ನು ಕೆಲವು ನೊಣಗಳಲ್ಲಿ ನರದ ಮೇಲೆ ಸೋಡಿಯಂ ಒಳಹೋಗುವ ಬಾಗಿಲಿನ ಆಕಾರವೇ ಸ್ವಲ್ಪ ಬದಲಾಗಿರುತ್ತದೆ. ಡಿಡಿಟಿ ಆ ಬಾಗಿಲು ಮುಚ್ಚದಂತೆ ತಡೆದು ನೊಣವನ್ನು ನಡುಗಿಸಿ ಕೊಲ್ಲುತ್ತದೆ; ಬಾಗಿಲು ಬದಲಾದರೆ ಅದಕ್ಕೆ ಹಿಡಿತ ಸಿಗುವುದಿಲ್ಲ.

ಮುಂದಿನದು ನಮ್ಮ ಚಕ್ರಬಡ್ಡಿ ಲೆಕ್ಕದ ಹಾಗೆ. ಒಂದು ಹೊಲದಲ್ಲಿ 1,00,000 ಹುಳುಗಳು ಇವೆ, ಅದರಲ್ಲಿ ಸಾಯದ ಗುಣ ಇರುವವು 100 ಎಂದು ಇಟ್ಟುಕೊಳ್ಳೋಣ. ಔಷಧಿ ಸಾಧಾರಣ ಹುಳುಗಳಲ್ಲಿ ನೂರಕ್ಕೆ 99ನ್ನು ಕೊಲ್ಲುತ್ತದೆ. ಮೊದಲ ಸಲ ಹೊಡೆದಾಗ ಉಳಿಯುವುದು ಸಾಧಾರಣದವು 999, ಗಟ್ಟಿಯವು 100. ರೈತನಿಗೆ ಬಹಳ ಖುಷಿ, ಲಕ್ಷದಲ್ಲಿ ಉಳಿದದ್ದು ಸಾವಿರದಷ್ಟು. ಆದರೆ ಗಟ್ಟಿಯವುಗಳ ಪಾಲು ಶೇ. 0.1ರಿಂದ ಶೇ. 9ಕ್ಕೆ ಏರಿತು. ಇವು ಮರಿ ಮಾಡಿ ಮತ್ತೆ ಲಕ್ಷವಾದಾಗ, ಮರಿಗಳು ತಂದೆತಾಯಿಯಂತೆಯೇ ಇದ್ದರೆ, ಗಟ್ಟಿಯವು ಸುಮಾರು 9,100. ಎರಡನೆಯ ಸಲ ಹೊಡೆದ ಮೇಲೆ ಸಾಧಾರಣದವು 909, ಗಟ್ಟಿಯವು 9,100. ಪಾಲು ಶೇ. 91. ಅವು ಮತ್ತೆ ಲಕ್ಷವಾದ ಮೇಲೆ ಮೂರನೆಯ ಸಲ ಅದೇ ಔಷಧಿ ಹೊಡೆದರೆ 91 ಸಾವಿರ ಹುಳುಗಳು ಆರಾಮಾಗಿ ಎಲೆ ತಿನ್ನುತ್ತಿರುತ್ತವೆ. ಹೊಲದಲ್ಲಿ ಇಷ್ಟು ಬೇಗ, ಇಷ್ಟು ನೇರವಾಗಿ ಆಗುವುದಿಲ್ಲ ಎಂದು ಜೀವಶಾಸ್ತ್ರದ ಮೇಡಂ ಹೇಳಿದರು. ಔಷಧಿ ಬೀಳದ ಬದುಗಳಿಂದ, ಪಕ್ಕದ ಹೊಲಗಳಿಂದ ಸಾಧಾರಣ ಹುಳುಗಳು ಬಂದು ಬೆರೆಯುತ್ತವಂತೆ. ಗಟ್ಟಿಯವುಗಳ ಸಂತಾನದಲ್ಲಿ ಆ ಗುಣ ತೆಳುವಾಗುತ್ತದೆ, ಕಾಲ ಮುಂದೆ ಹೋಗುತ್ತದೆ.

ಈಗ ಮುಲ್ಲರ್ ಅವರ ಐದನೆಯ ಮತ್ತು ಆರನೆಯ ಗುಣಗಳನ್ನು ಮತ್ತೆ ನೋಡಿ. ಔಷಧಿ ಬಹಳ ದಿನ ಉಳಿದರೆ, ಹೊಸದಾಗಿ ಹುಟ್ಟಿದ ಪ್ರತಿ ಹುಳುವೂ ಅದೇ ಪರೀಕ್ಷೆ ಬರೆಯಬೇಕು, ಸಾಧಾರಣದ್ದಕ್ಕೆ ತಪ್ಪಿಸಿಕೊಳ್ಳುವ ದಿನವೇ ಇಲ್ಲ. ಎಲ್ಲ ಕೀಟಗಳನ್ನೂ ಕೊಂದರೆ, ಉಳಿದ ಗಟ್ಟಿ ಹುಳುಗಳನ್ನು ತಿನ್ನುವ ಜೇಡ, ಕಣಜಗಳೂ ಇರುವುದಿಲ್ಲ. ಮುಲ್ಲರ್ ಅವರ ಪೆಟ್ಟಿಗೆಯಲ್ಲಿ ಇದು ಕಾಣಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಅಲ್ಲಿ ನೊಣಗಳು ಸಾಯುತ್ತಿದ್ದವು, ಪ್ರತಿ ಸಲ ಹೊಸವನ್ನು ಬಿಡುತ್ತಿದ್ದರು. ಉಳಿದ ನೊಣದ ಮರಿಗಳನ್ನು ಅದೇ ಪೆಟ್ಟಿಗೆಯಲ್ಲಿ ಸಾಕಿ ನೋಡುವ ಪ್ರಯೋಗ ಅದಾಗಿರಲಿಲ್ಲ. ಹೊಲ ಮಾತ್ರ ಆ ಪ್ರಯೋಗವನ್ನು ವರ್ಷವರ್ಷವೂ ಮಾಡುತ್ತಿತ್ತು.

1952ರಲ್ಲಿ ಅಮೆರಿಕದ ಲಾಂಗ್ ಐಲೆಂಡ್‌ನ ಆಲೂಗಡ್ಡೆ ಹೊಲಗಳಲ್ಲಿ ಕೊಲೊರಾಡೊ ಜೀರುಂಡೆ ಡಿಡಿಟಿಗೆ ಬಗ್ಗಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಡಿಡಿಟಿಗೆ ಮೊದಲ ಹೆಸರು ತಂದುಕೊಟ್ಟ ಅದೇ ಜಾತಿ. ಆಮೇಲೆ ಒಂದೊಂದೇ ಹೊಸ ಔಷಧಿಯನ್ನೂ ಅದು ಮೀರುತ್ತಾ ಬಂತು. ಇಂದು ಆ ಲೆಕ್ಕ 50 ದಾಟಿದೆ. 1953ರಲ್ಲಿ ಜಾವಾ ದ್ವೀಪದಿಂದ ಇನ್ನೊಂದು ವರದಿ ಬಂತು. ಎಲೆಕೋಸಿನ ವಜ್ರಬೆನ್ನಿನ ಪತಂಗಕ್ಕೆ ಡಿಡಿಟಿ ನಾಟುತ್ತಿಲ್ಲ. ಮಾಮೂ ಅವರ ಒಂಬತ್ತು ಸಲದ ಲೆಕ್ಕಕ್ಕೆ ಕಾರಣವಾದ ಹಸಿರು ಹುಳು ಇದೇ ಪತಂಗದ ಮರಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದಕ್ಕೆ ಒಂದು ಉಪಾಯ ಹೇಳಿದ್ದಾರೆ. 25 ಸಾಲು ಎಲೆಕೋಸಿಗೆ ಜೊತೆಯಾಗಿ 2 ಸಾಲು ಸಾಸಿವೆ ಹಾಕಿದರೆ ಪತಂಗ ಸಾಸಿವೆಗೇ ಹೆಚ್ಚಾಗಿ ಮೊಟ್ಟೆ ಇಡುತ್ತದೆ, ಎಲೆಕೋಸಿಗೆ ಬೇವಿನ ಬೀಜದ ಕಷಾಯ ಸಾಕಾಗುತ್ತದೆ. ಖರ್ಚಿನ ಪುಸ್ತಕದಲ್ಲಿ ಸಾಸಿವೆ ಬೀಜದ ಒಂದು ಸಾಲು ಎಷ್ಟು ಕಡಿಮೆ ಜಾಗ ಹಿಡಿಯುತ್ತದೆ ಎಂದು ಲೆಕ್ಕ ಬರೆಯುವವರಿಗೆ ಗೊತ್ತು. ಮಾಮೂ ಅವರಿಗೆ ಹೇಳಿದ್ದೇನೆ. ಯೋಚಿಸುತ್ತೇನೆ ಎಂದಿದ್ದಾರೆ.

ವಾಣಿಜ್ಯದವರು ಓದಲೇಬೇಕಾದ ಪ್ರಕರಣ ಪೆರು ದೇಶದ ಕನ್ಯೆಟೆ ಕಣಿವೆಯದು. ಸುತ್ತಲೂ ಮರುಭೂಮಿ, ನಡುವೆ ಹತ್ತಿ. 1949ರಿಂದ ಅಲ್ಲಿ ಡಿಡಿಟಿ ಮತ್ತು ಅದೇ ಕಾಲದ ಇತರ ಔಷಧಿಗಳನ್ನು ಇಡೀ ಕಣಿವೆಗೆ ಹೊಡೆದರು. ವಿಮಾನ ಹಾರಲು ಅಡ್ಡಿಯಾಗುತ್ತದೆ ಎಂದು ಮರಗಳನ್ನೂ ಕಡಿದರು. ಮೊದಲ ವರ್ಷಗಳಲ್ಲಿ ಹೆಕ್ಟೇರಿಗೆ 494 ಕಿಲೋ ಇದ್ದ ಇಳುವರಿ 1954ರಲ್ಲಿ 728 ಕಿಲೋಗೆ ಏರಿತು. ಯಾವ ಬ್ಯಾಂಕಾದರೂ ಸಾಲ ಕೊಡುವ ಅಂಕಿ ಅದು. ಎರಡೇ ವರ್ಷದಲ್ಲಿ, 1956ಕ್ಕೆ, 332 ಕಿಲೋಗೆ ಕುಸಿಯಿತು. ಒಂದರ ಹಿಂದೆ ಒಂದು ಹುಳು ಔಷಧಿಗಳನ್ನು ಮೀರಿತು. ಮೊದಲು ತೊಂದರೆಯೇ ಕೊಡದಿದ್ದ ಹುಳುಗಳೂ ಎದ್ದವು, ಅವುಗಳನ್ನು ತಿನ್ನುವ ಕೀಟಗಳು ಸತ್ತಿದ್ದವಲ್ಲ. ಮೇಡಂ ಹೇಳಿದ ಬದು, ಪಕ್ಕದ ಹೊಲ ಎರಡೂ ಆ ಕಣಿವೆಯಲ್ಲಿ ಉಳಿದಿರಲಿಲ್ಲ. ಕೊನೆಗೆ ರೈತರೇ ಸೇರಿ ಈ ಹೊಸ ಔಷಧಿಗಳನ್ನು ನಿಲ್ಲಿಸಿ, ಮಿತ್ರಕೀಟಗಳನ್ನು ತರಿಸಿ ಬಿಟ್ಟು, ಬಿತ್ತುವ ಮತ್ತು ಬೆಳೆ ಕೀಳುವ ದಿನಗಳನ್ನು ಗೊತ್ತು ಮಾಡಿಕೊಂಡರು. ಇಳುವರಿ ಮತ್ತೆ ಏರಿತು. ನಷ್ಟದಲ್ಲಿದ್ದವರು ಖರ್ಚು ಕಡಿಮೆ ಮಾಡಿ ಲಾಭಕ್ಕೆ ಬಂದ ಅಪರೂಪದ ಉದಾಹರಣೆ.

ಮುಲ್ಲರ್ ಇದನ್ನೆಲ್ಲ ಬದುಕಿದ್ದಾಗಲೇ ಕಂಡರು. ಅವರು ಗಲಾಟೆಯ ಮನುಷ್ಯರಲ್ಲ. ಜೂರಾ ಬೆಟ್ಟದಲ್ಲಿ ಒಂದು ಸಣ್ಣ ಮನೆ ಇತ್ತು. ರಜೆಯಲ್ಲಿ ಅಲ್ಲಿಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಕಾಡುಹೂಗಳನ್ನು ನೋಡುತ್ತಾ ನಡೆಯುವುದು ಅವರಿಗೆ ಇಷ್ಟವಾಗಿತ್ತು. ಅವರನ್ನು ಖಳನಾಯಕನಂತೆ ತೋರಿಸುವ ಬರಹಗಳನ್ನು ಓದಿದ್ದೇನೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅವರು ಕೇಳಿಕೊಂಡ ಪ್ರಶ್ನೆಗೆ 349 ಸಲ ಸೋತು ಸರಿಯಾದ ಉತ್ತರ ಕಂಡುಹಿಡಿದರು. ಆ ಪ್ರಶ್ನೆಯಲ್ಲಿ ಹುಳುವಿನ ಮೊಮ್ಮಕ್ಕಳ ಲೆಕ್ಕ ಇರಲಿಲ್ಲ, ಅಷ್ಟೇ. ಆ ಲೆಕ್ಕವನ್ನು ಮೆಲಾಂಡರ್ 1914ರಲ್ಲೇ ಎತ್ತಿದ್ದರೂ ಮಾರುವವರು, ಕೊಳ್ಳುವವರು, ಸರ್ಕಾರಗಳು ಯಾರೂ ಹಚ್ಚಿಕೊಳ್ಳಲಿಲ್ಲ. ಹೊಣೆಯಲ್ಲಿ ಅವರ ಪಾಲೇ ದೊಡ್ಡದು ಎಂದು ನನ್ನ ಅಭಿಪ್ರಾಯ.

1961ರಲ್ಲಿ ಮುಲ್ಲರ್ ನಿವೃತ್ತರಾದರು. ಬಾಸೆಲ್ ಹತ್ತಿರದ ಓಬರ್‌ವಿಲ್‌ನ ತಮ್ಮ ಮನೆಯಲ್ಲೇ ಪ್ರಯೋಗಾಲಯ ಮಾಡಿಕೊಂಡು ಕೆಲಸ ಮುಂದುವರಿಸಿದರು, ಹುಡುಗನಾಗಿದ್ದಾಗ ಮಾಡಿಕೊಂಡಿದ್ದಂತೆಯೇ. ಮರುವರ್ಷ ಅಮೆರಿಕದ ರೇಚಲ್ ಕಾರ್ಸನ್ ಅವರ ಸೈಲೆಂಟ್ ಸ್ಪ್ರಿಂಗ್ ಪುಸ್ತಕ ಬಂದು ಡಿಡಿಟಿಯ ಹೆಸರು ಕೆಟ್ಟಿತು. ಔಷಧಿ ಮೀರುವ ಕೀಟಗಳ ಬಗ್ಗೆಯೂ ಅದರಲ್ಲಿ ಒಂದು ಅಧ್ಯಾಯವಿದೆ. 1965ರ ಅಕ್ಟೋಬರ್ 13ರಂದು ಮುಲ್ಲರ್ ಬಾಸೆಲ್‌ನಲ್ಲಿ ತೀರಿಕೊಂಡರು. ಅಮೆರಿಕ 1972ರಲ್ಲಿ ಡಿಡಿಟಿಯನ್ನು ನಿಷೇಧಿಸಿತು, ನಮ್ಮಲ್ಲಿ 1989ರಲ್ಲಿ ಬೆಳೆಗೆ ಬಳಸುವುದು ನಿಂತಿತು.

ಅವರು ತೀರಿಕೊಂಡ ಮೇಲೆ, 1970ರ ದಶಕದಲ್ಲಿ, ಪೈರೆಥ್ರಮ್ ಹೂವಿನ ವಿಷವನ್ನು ಹೋಲುವ, ಆದರೆ ಬಿಸಿಲಿಗೆ ಕೆಡದ ಹೊಸ ಔಷಧಿಗಳು ಬಂದವು. ಡಿಡಿಟಿಗೂ ಇವಕ್ಕೂ ರಚನೆಯಲ್ಲಿ ಏನೂ ಸಂಬಂಧವಿಲ್ಲ. ಆದರೂ ಡಿಡಿಟಿಯನ್ನು ಬಹಳ ಕಾಲ ಬಳಸಿದ್ದ ಎಷ್ಟೋ ಕಡೆ ನೊಣ, ಸೊಳ್ಳೆಗಳು ಹೊಸ ಔಷಧಿಗೂ ಸರಿಯಾಗಿ ಬೀಳಲಿಲ್ಲ. ಎರಡೂ ಹಿಡಿಯುವುದು ನರದ ಅದೇ ಸೋಡಿಯಂ ಬಾಗಿಲನ್ನು, ಆ ಬಾಗಿಲಿನ ಆಕಾರ ಆಗಲೇ ಬದಲಾಗಿತ್ತು. 1984ರಲ್ಲಿ ಕೀಟನಾಶಕ ಕಂಪನಿಗಳೇ ಸೇರಿ ಒಂದು ಸಮಿತಿ ಮಾಡಿಕೊಂಡವು. ಯಾವ ಔಷಧಿ ಹುಳುವಿನ ದೇಹದ ಯಾವ ಜಾಗಕ್ಕೆ ಹೊಡೆಯುತ್ತದೆ ಎಂದು ಆ ಸಮಿತಿ ಗುಂಪು ಮಾಡಿ ನಂಬರು ಕೊಟ್ಟಿದೆ. ಒಂದೇ ಗುಂಪಿನದನ್ನು ಹುಳುವಿನ ಪೀಳಿಗೆಯ ಮೇಲೆ ಪೀಳಿಗೆಗೆ ಹೊಡೆಯಬಾರದು ಎಂಬುದು ಅದರ ಉದ್ದೇಶ. ಆ ಪಟ್ಟಿಯಲ್ಲಿ ಹೂವಿನ ವಿಷದ ಜಾತಿಯವು 3ಎ. ಪಕ್ಕದ 3ಬಿಯಲ್ಲಿ ಮುಲ್ಲರ್ ಅವರ ಡಿಡಿಟಿ ಈಗಲೂ ಇದೆ.